ಇಪ್ಪತ್ತೈದು ದಿನದ ‘ಕರೆಂಟ್’

ಕ್ಯಾನ್ಸರ್ ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೆ ಸಾಕು, ಆ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಆಪರೇಷನ್ ಆಯ್ತು, ಈಗ ಕರೆಂಟ್ ಕೊಡ್ತಿದಾರೆ, ಇನ್ನೂ ಹನ್ನೊಂದು ಬಾಕಿ.’ ವಿಕಿರಣ ಚಿಕಿತ್ಸೆಗೆ ನಮ್ಮ ಜನ ಇಟ್ಟ ಹೆಸರು ಕರೆಂಟ್. ತಿದ್ದಿ ತಿದ್ದಿ ಸೋತ ವೈದ್ಯರು ಕೊನೆಗೆ ತಾವೂ ಹಾಗೇ ಹೇಳತೊಡಗಿದ್ದಾರೆ. ನಿಜಕ್ಕೂ ಅದರಲ್ಲಿ ಶಾಕ್ ಇಲ್ಲ, ಆ ಹೊತ್ತಿಗೆ ನೋವೂ ಇಲ್ಲ. ಯಂತ್ರದ ಕೆಳಗೆ ಕೆಲವು ನಿಮಿಷ ಅಲ್ಲಾಡದೆ ಮಲಗಿದರೆ ಆ ದಿನದ್ದು ಮುಗಿಯಿತು. ಕಣ್ಣಿಗೆ ಕಾಣದ್ದು, ಮೈಗೆ ತಾಗದ್ದು ಎಂದಮೇಲೆ ಅನುಮಾನವೂ ಸಹಜ. ಗಂಟನ್ನು ಕೊಯ್ದು ತೆಗೆದಾಯಿತಲ್ಲ, ಮತ್ತೆ ಇದೇಕೆ?

ಊರಿಂದ ಬಂದ ಹೆಂಗಸೊಬ್ಬಳು ಬೆಂಚಿನ ಮೇಲೆ ಕೂತು ಕೇಳುವ ಈ ಪ್ರಶ್ನೆಯನ್ನು ಲಂಡನ್, ಪಿಟ್ಸ್‌ಬರ್ಗ್, ಮಿಲಾನ್‌ಗಳ ದೊಡ್ಡ ದೊಡ್ಡ ಸರ್ಜನ್ನರು ಕೇಳಿಕೊಂಡು ಜಗಳವಾಡಿದ್ದಾರೆ. ಕ್ಷಕಿರಣ ಪತ್ತೆಯಾದದ್ದು 1895ರಲ್ಲಿ. ಮರುವರ್ಷದ ಜನವರಿಯಲ್ಲೇ ಅದನ್ನು ಸ್ತನದ ಗಡ್ಡೆಯೊಂದರ ಮೇಲೆ ಹಾಯಿಸಿದೆ ಎಂದು ಚಿಕಾಗೊದ ಎಮಿಲ್ ಗ್ರುಬ್ ಮುಂದೆ ಹೇಳಿಕೊಂಡ. ಇತಿಹಾಸಕಾರರು ಅವನ ಮಾತನ್ನು ಪೂರ್ತಿ ನಂಬುವುದಿಲ್ಲ. ಆದರೆ ಆ ಕಿರಣದ ಜೊತೆ ಆಡಿಯೇ ಅವನು ಒಂದು ಕೈ ಕಳೆದುಕೊಂಡದ್ದಂತೂ ನಿಜ. ಅಲ್ಲಿಂದ ಹೆಚ್ಚುಕಡಿಮೆ ತೊಂಬತ್ತು ವರ್ಷ ಬೇಕಾಯಿತು, ಈ ಪ್ರಶ್ನೆಗೆ ನೆಚ್ಚಬಹುದಾದ ಮೊದಲ ಉತ್ತರ ಸಿಗಲು. ಯಂತ್ರ ಇಲ್ಲದೆ ತಡವಾದದ್ದಲ್ಲ. ಎರಡು ಚಿಕಿತ್ಸೆಗಳನ್ನು ಎದುರಾಬದುರು ನಿಲ್ಲಿಸಿ ತೂಗಿ ನೋಡಲು ಯಾರಿಗೂ ಮನಸ್ಸಿರಲಿಲ್ಲ.

ಮನಸ್ಸಿಲ್ಲದ್ದಕ್ಕೆ ಕಾರಣ ಒಬ್ಬ ಮನುಷ್ಯನ ಯಶಸ್ಸು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ ಐವತ್ತು ರೋಗಿಗಳ ವಿವರ ಪ್ರಕಟಿಸಿದ. ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಒಂದೇ ಇಡಿಯಾಗಿ ಕೆತ್ತಿ ತೆಗೆಯುವುದು ಅವನ ಕ್ರಮ. ಯುರೋಪಿನ ಹೆಸರಾಂತ ಸರ್ಜನ್ನರ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದೇ ಜಾಗದಲ್ಲಿ ಗಡ್ಡೆ ಮರಳಿ ಬರುತ್ತಿದ್ದ ಕಾಲದಲ್ಲಿ ಹಾಲ್‌ಸ್ಟೆಡ್‌ನ ಲೆಕ್ಕ ಶೇ 6. ಇಂದು ಅವನನ್ನು ಖಳನಾಯಕನಂತೆ ಚಿತ್ರಿಸುವವರು ಈ ಅಂಕಿಯನ್ನು ಮರೆಯುತ್ತಾರೆ. ಕೊಳೆತು ಕೀವಾದ ಹುಣ್ಣು ಹೊತ್ತು ಬರುತ್ತಿದ್ದ ಹೆಂಗಸರಿಗೆ ಅವನು ದೊಡ್ಡ ಉಪಕಾರವನ್ನೇ ಮಾಡಿದ. ಆದರೆ ಅದರ ಬೆಲೆಯೂ ದೊಡ್ಡದಿತ್ತು. ಎದೆ ಗುಳಿಬಿದ್ದು ಪಕ್ಕೆಲುಬು ಎದ್ದು ಕಾಣುತ್ತಿತ್ತು, ತೋಳು ಊದಿ ಭಾರವಾಗಿ ಜೋತುಬೀಳುತ್ತಿತ್ತು. ಇಷ್ಟೆಲ್ಲ ಆದಮೇಲೂ ಎಷ್ಟೋ ಜನ ಬೇರೆ ಕಡೆ, ಮೂಳೆಯಲ್ಲೋ ಪುಪ್ಪುಸದಲ್ಲೋ ಕ್ಯಾನ್ಸರ್ ಹಬ್ಬಿ ಸಾಯುತ್ತಿದ್ದರು. ಹಾಲ್‌ಸ್ಟೆಡ್‌ನ ಶಿಷ್ಯರು ಅದಕ್ಕೆ ಕಂಡುಕೊಂಡ ಪರಿಹಾರ ಇನ್ನಷ್ಟು ಆಳಕ್ಕೆ, ಇನ್ನಷ್ಟು ಅಗಲಕ್ಕೆ ಕೊಯ್ಯುವುದು.

ಲಂಡನ್ನಿನ ಸೇಂಟ್ ಬಾರ್ತಲೋಮ್ಯು ಆಸ್ಪತ್ರೆಯಲ್ಲಿ ಜೆಫ್ರಿ ಕೇನ್ಸ್ ಎಂಬ ಸರ್ಜನ್ ಇದ್ದ. ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್‌ನ ತಮ್ಮ. ಮದುವೆಯಾದದ್ದು ಚಾರ್ಲ್ಸ್ ಡಾರ್ವಿನ್ನನ ಮೊಮ್ಮಗಳನ್ನು. ಬಿಡುವಿನಲ್ಲಿ ವಿಲಿಯಂ ಬ್ಲೇಕ್‌ನ ಕೃತಿಗಳ ಸೂಚಿ ತಯಾರಿಸುವ ಹುಚ್ಚು. 1924ರಲ್ಲಿ ಅವನ ಮುಂದೆ 47 ವರ್ಷದ ಹೆಂಗಸೊಬ್ಬಳು ಬಂದಳು. ಗಡ್ಡೆ ಒಡೆದು ಹುಣ್ಣಾಗಿತ್ತು, ಮೈ ಸೊರಗಿತ್ತು. ಹಾಲ್‌ಸ್ಟೆಡ್ ಮಾದರಿಯ ಕೊಯ್ತವನ್ನು ಆ ದೇಹ ತಾಳುವಂತಿರಲಿಲ್ಲ. ಕೇನ್ಸ್ 50 ಮಿಲಿಗ್ರಾಂ ರೇಡಿಯಂ ಅನ್ನು ಅವಳ ಸ್ತನದೊಳಗೆ ಇಟ್ಟ. ನೋವು ಕಡಿಮೆಯಾಗಲಿ ಎಂದಷ್ಟೇ ಮಾಡಿದ ಕೆಲಸ ಅದು. ಹುಣ್ಣು ಮಾಯಿತು, ಗಡ್ಡೆ ಕುಗ್ಗಿ ಮೆತ್ತಗಾಯಿತು.

ಅಲ್ಲಿಂದ ಅವನು ಹಿಂತಿರುಗಿ ನೋಡಲಿಲ್ಲ. ರೇಡಿಯಂ ತುಂಬಿದ ತೆಳ್ಳನೆಯ ಸೂಜಿಗಳನ್ನು ಗಡ್ಡೆಯ ಸುತ್ತ, ಕಂಕುಳಲ್ಲಿ, ಕೊರಳೆಲುಬಿನ ಬಳಿ ಚುಚ್ಚಿ ಕೆಲವು ದಿನ ಹಾಗೇ ಬಿಡುವುದು ಅವನ ರೂಢಿಯಾಯಿತು. ಆಮೇಲಾಮೇಲೆ ಗಡ್ಡೆಯನ್ನಷ್ಟೇ ಕೊಯ್ದು ತೆಗೆದು ಸುತ್ತಲ ಜಾಗಕ್ಕೆ ರೇಡಿಯಂ ಕೊಡುವುದೂ ಶುರುವಾಯಿತು. ಅಂದರೆ ಇಂದು ಊರೂರಿನ ಆಸ್ಪತ್ರೆಗಳಲ್ಲಿ ನಡೆಯುವ ಚಿಕಿತ್ಸೆಯ ಮೊದಲ ರೂಪ. 1937ರಲ್ಲಿ ತನ್ನ ಲೆಕ್ಕವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಿಚ್ಚಿಟ್ಟ: ಬದುಕುಳಿದವರ ಪ್ರಮಾಣ ದೊಡ್ಡ ಆಪರೇಷನ್ನಿಗೆ ಸಮಸಮ. ಅಟ್ಲಾಂಟಿಕ್‌ನ ಆಚೆ ಯಾರೂ ಕಿವಿಗೊಡಲಿಲ್ಲ. ಗಂಟಷ್ಟನ್ನೇ ಕೀಳುವ ಈ ಕೆಲಸಕ್ಕೆ ಅಮೆರಿಕದ ಸರ್ಜನ್ನರು ಗೇಲಿಗೆಂದೇ ‘ಲಂಪೆಕ್ಟಮಿ’ ಎಂಬ ಪದ ಹುಟ್ಟಿಸಿದರಂತೆ. ಗೇಲಿಯೇ ಗಟ್ಟಿಯಾಗಿ ಇಂದು ಡಿಸ್ಚಾರ್ಜ್ ಪತ್ರಗಳಲ್ಲಿ ಅಚ್ಚಾಗುತ್ತಿದೆ. ಅಷ್ಟರಲ್ಲಿ ಯುದ್ಧ ಬಂತು. ಬಾಂಬಿಗೆ ಸಿಕ್ಕರೆ ಅಪಾಯವೆಂದು ಆಸ್ಪತ್ರೆಗಳ ರೇಡಿಯಂ ನೆಲದಾಳ ಸೇರಿತು, ಕೇನ್ಸ್ ವಾಯುಪಡೆ ಸೇರಿದ. ಆ ಅಧ್ಯಾಯ ಮುಚ್ಚಿತು.

ಕೇನ್ಸ್ ರೇಡಿಯಂ ಹಿಡಿದು ಕೆಲಸ ಮಾಡುತ್ತಿದ್ದ ದಿನಗಳಲ್ಲೇ ಪ್ಯಾರಿಸ್ಸಿನಲ್ಲಿ ನಡೆದ ಒಂದು ಟಗರಿನ ಕಥೆಯನ್ನು ಇಲ್ಲಿ ಹೇಳಲೇಬೇಕು. ಇಪ್ಪತ್ತೈದು ದಿನದ ಗುಟ್ಟು ಇರುವುದು ಅದರಲ್ಲಿ. ರೇಡಿಯಂ ಇನ್‌ಸ್ಟಿಟ್ಯೂಟಿನ ಕ್ಲಾಡ್ ರೆಗೊ ಟಗರಿನ ವೃಷಣಕ್ಕೆ ಕಿರಣ ಕೊಟ್ಟು ನೋಡಿದ. ಒಂದೇ ಸಲಕ್ಕೆ ಬಂಜೆ ಮಾಡಲು ಹೊರಟರೆ ಮೇಲಿನ ಚರ್ಮ ಸುಟ್ಟುಹೋಗುತ್ತಿತ್ತು. ಅದೇ ಕಿರಣವನ್ನು ದಿನಗಳ ಮೇಲೆ ಹಂಚಿ ತುಸುತುಸುವೇ ಕೊಟ್ಟರೆ ಟಗರು ಬಂಜೆಯಾಗುತ್ತಿತ್ತು, ಚರ್ಮ ಉಳಿಯುತ್ತಿತ್ತು. ಬೇಗಬೇಗ ಒಡೆಯುವ ಜೀವಕೋಶ ಪೆಟ್ಟಿನಿಂದ ಸುಧಾರಿಸಿಕೊಳ್ಳದು. ನೆಮ್ಮದಿಯ ಕೋಶ ರಾತ್ರಿ ಕಳೆಯುವಷ್ಟರಲ್ಲಿ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುತ್ತದೆ. ಕ್ಯಾನ್ಸರಿಗೂ ಹೀಗೇ ಆದೀತು ಎಂಬ ಊಹೆ ಚಿಕಿತ್ಸೆಯ ಕ್ರಮವಾಯಿತು. ದಿನಕ್ಕೆ 2 ಗ್ರೇ (ಮೈ ಹೀರಿಕೊಳ್ಳುವ ಕಿರಣದ ಅಳತೆ), ವಾರಕ್ಕೆ ಐದು ದಿನ, ಐದು ವಾರ, ಒಟ್ಟು 50 ಗ್ರೇ ಎಂಬ ಲೆಕ್ಕ ಮುಂದೆ ಸ್ತನಕ್ಕೂ ಗಟ್ಟಿಯಾಗಿ ಕೂತುಬಿಟ್ಟಿತು.

ಎಡಿನ್‌ಬರದಲ್ಲಿ ರಾಬರ್ಟ್ ಮ್ಯಾಕ್‌ವರ್ಟರ್ 1941ರಿಂದ ಸ್ತನವನ್ನಷ್ಟೇ ತೆಗೆಸಿ, ಸ್ನಾಯು ಮುಟ್ಟಿಸದೆ, ಉಳಿದದ್ದನ್ನು ಕಿರಣಕ್ಕೆ ಬಿಟ್ಟ. ಟೊರಾಂಟೊದಲ್ಲಿ ವೀರಾ ಪೀಟರ್ಸ್ ಗಡ್ಡೆ ತೆಗೆದು ಕಿರಣ ಪಡೆದ ಹೆಂಗಸರ ಹಳೆಯ ಕಡತಗಳನ್ನು, ಅದೇ ವಯಸ್ಸು ಅದೇ ಹಂತದ ಬೇರೆ ಹೆಂಗಸರ ಕಡತಗಳ ಪಕ್ಕದಲ್ಲಿಟ್ಟು ಹೋಲಿಸಿ 1967ರಲ್ಲಿ ಪ್ರಕಟಿಸಿದಳು. ಎಲ್ಲಿ ನೋಡಿದರೂ ಅದೇ ಫಲ, ಎಲ್ಲ ಕಡೆಯೂ ಅದೇ ಆಕ್ಷೇಪ: ನೀವು ಹಗುರದ ರೋಗಿಗಳನ್ನು ಆರಿಸಿಕೊಂಡಿರಿ. ಆಕ್ಷೇಪದಲ್ಲಿ ಹುರುಳಿತ್ತು ಎಂದೇ ನನಗನ್ನಿಸುತ್ತದೆ. ಯಾರಿಗೆ ಯಾವ ಚಿಕಿತ್ಸೆ ಎಂದು ವೈದ್ಯನೇ ಆರಿಸಿದರೆ ಗೆದ್ದದ್ದು ಚಿಕಿತ್ಸೆಯೋ ಆಯ್ಕೆಯೋ ಹೇಳುವುದು ಹೇಗೆ? ದಾರಿ ಒಂದೇ. ಚೀಟಿ ಎತ್ತಬೇಕು.

ಚೀಟಿ ಎತ್ತುವ ಮೊದಲ ಪ್ರಯತ್ನಗಳಲ್ಲೊಂದು ಎಡವಿತು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ 1961ರಿಂದ 370 ಹೆಂಗಸರನ್ನು ಎರಡು ಪಾಲು ಮಾಡಿ ನೋಡಿದರು. ಸ್ತನ ಉಳಿಸಿಕೊಂಡವರಲ್ಲಿ ರೋಗ ಹೆಚ್ಚು ಮರುಕಳಿಸಿತು. ದೊಡ್ಡ ಆಪರೇಷನ್ನಿನ ಪಕ್ಷದವರು ಹಿಗ್ಗಿದರು. ಕಿರಣದ ಪ್ರಮಾಣವೇ ತೀರಾ ಕಡಿಮೆಯಿತ್ತು, ಕಂಕುಳಿನ ಗ್ರಂಥಿಗಳನ್ನು ತೆಗೆದಿರಲಿಲ್ಲ ಎಂಬುದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ನಿರ್ಣಾಯಕ ಹೆಜ್ಜೆಯನ್ನು ಇಬ್ಬರು ಸರ್ಜನ್ನರು ಬೇರೆ ಬೇರೆ ಖಂಡಗಳಲ್ಲಿ ಇಟ್ಟರು. ಮಿಲಾನಿನ ಉಂಬೆರ್ಟೊ ವೆರೊನೇಸಿ 1973ರಲ್ಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಆರಂಭವಾದ ವರ್ಷವೇ, 2 ಸೆಂಟಿಮೀಟರಿಗಿಂತ ದೊಡ್ಡದಲ್ಲದ ಗಡ್ಡೆಯ ಹೆಂಗಸರಿಗೆ ಚೀಟಿ ಎತ್ತತೊಡಗಿದ. 1980ರ ಹೊತ್ತಿಗೆ 701 ಹೆಂಗಸರಾದರು. ಅರ್ಧದವರಿಗೆ ಹಾಲ್‌ಸ್ಟೆಡ್ ಆಪರೇಷನ್, ಉಳಿದರ್ಧಕ್ಕೆ ಸ್ತನದ ಕಾಲುಭಾಗ ತೆಗೆದು ವಿಕಿರಣ. 1981ರಲ್ಲಿ ಫಲ ಪ್ರಕಟವಾಯಿತು: ಬದುಕುಳಿಯುವುದರಲ್ಲಿ ವ್ಯತ್ಯಾಸವಿಲ್ಲ. ಆ ಹೊತ್ತಿಗೆ ಕೇನ್ಸ್ ಇನ್ನೂ ಬದುಕಿದ್ದ. ಮರುವರ್ಷ 95ನೇ ವಯಸ್ಸಿನಲ್ಲಿ ತೀರಿಕೊಂಡ.

ಇನ್ನೊಬ್ಬ ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಷರ್. ಮಾತು ಕಟು, ಹಟ ಜಾಸ್ತಿ. ಗಂಟು ಕೈಗೆ ಸಿಗುವ ಹೊತ್ತಿಗೇ ಕ್ಯಾನ್ಸರಿನ ಕಣಗಳು ರಕ್ತಕ್ಕೆ ಇಳಿದಿರುತ್ತವೆ, ಹಾಗಾಗಿ ಎದೆಯನ್ನು ಎಷ್ಟು ಅಗೆದರೂ ಅಷ್ಟೇ ಎಂದು ಅವನ ವಾದ. 1976ರಲ್ಲಿ ಅವನು ಶುರುಮಾಡಿದ ಬಿ-06 ಎಂಬ ಪರೀಕ್ಷೆಯಲ್ಲಿ ಮಿಲಾನಿನಲ್ಲಿ ಇಲ್ಲದ ಒಂದು ಗುಂಪಿತ್ತು. ಒಂದು ಪಾಲಿಗೆ ಸ್ತನವೇ ಹೋಯಿತು. ಇನ್ನೊಂದಕ್ಕೆ ಗಡ್ಡೆ ತೆಗೆದು ಕಿರಣ. ಮೂರನೆಯದಕ್ಕೆ ಗಡ್ಡೆ ಮಾತ್ರ ತೆಗೆದು ಕಿರಣವಿಲ್ಲ. ಬೆಂಚಿನ ಮೇಲಿನ ಹೆಂಗಸಿನ ಪ್ರಶ್ನೆಯನ್ನು ನೇರವಾಗಿ ಕೇಳಿದ್ದು ಈ ಮೂರನೆಯ ಗುಂಪು.

ಆದರೆ ಸೇರುವವರಿರಲಿಲ್ಲ. ‘ನಿನ್ನ ಸ್ತನ ಉಳಿಯುತ್ತದೋ ಹೋಗುತ್ತದೋ ಚೀಟಿ ಎತ್ತಿ ಹೇಳುತ್ತೇನೆ’ ಎನ್ನಲು ಯಾವ ವೈದ್ಯನಿಗೆ ಬಾಯಿ ಬಂದೀತು? ಕೇಳಿಸಿಕೊಂಡು ಯಾರು ಹೂಂ ಎಂದಾರು? ಪರೀಕ್ಷೆ ನಿಂತೇ ಹೋಗುವ ಸ್ಥಿತಿಗೆ ಬಂದಾಗ 1978ರಲ್ಲಿ ಒಂದು ಒಳದಾರಿ ಹುಡುಕಿದರು. ಚೀಟಿಯನ್ನು ಮೊದಲೇ ಎತ್ತಿಬಿಡುವುದು, ನಿನಗೆ ಇಂಥದ್ದು ಬಂದಿದೆ ಎಂದು ಆಮೇಲೆ ಹೇಳಿ ಒಪ್ಪಿಗೆ ಕೇಳುವುದು. ಸೇರುವವರ ಸಂಖ್ಯೆ ಏರಿತು. ಒಪ್ಪಿಗೆಯ ನೀತಿ ತಿಳಿದವರು ಅಂದೂ ಇದಕ್ಕೆ ಹುಬ್ಬೇರಿಸಿದರು. ನನಗೂ ಇದು ಪೂರ್ತಿ ಸರಿಕಾಣದು. ಅದಿಲ್ಲದೆ ಉತ್ತರ ಸಿಗುತ್ತಿತ್ತೆಂದು ಹೇಳುವ ಧೈರ್ಯವೂ ನನಗಿಲ್ಲ.

ಉತ್ತರದ ಮೊದಲ ಕಂತು 1985ರಲ್ಲಿ ಬಂತು. ಇಪ್ಪತ್ತು ವರ್ಷದ ಪೂರ್ತಿ ಲೆಕ್ಕ 2002ರ ಅಕ್ಟೋಬರ್ 17ರಂದು, ವೆರೊನೇಸಿಯ ಇಪ್ಪತ್ತು ವರ್ಷದ ಲೆಕ್ಕದ ಜೊತೆ ಒಂದೇ ಸಂಚಿಕೆಯಲ್ಲಿ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಅಚ್ಚಾಯಿತು. ಗಡ್ಡೆ ಮಾತ್ರ ತೆಗೆಸಿಕೊಂಡವರಲ್ಲಿ ಶೇ 39.2 ಮಂದಿಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿತ್ತು. ಕಿರಣವನ್ನೂ ಪಡೆದವರಲ್ಲಿ ಶೇ 14.3. ಸರ್ಜನ್ನನ ಕಣ್ಣಿಗೆ, ಸೂಕ್ಷ್ಮದರ್ಶಕಕ್ಕೆ ಸಿಗದೆ ಉಳಿದ ಕಣಗಳು ಇದ್ದವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಅದೇ ಪುಟದಲ್ಲಿ ಒಂದು ತೊಡಕೂ ಇತ್ತು. ಇಪ್ಪತ್ತು ವರ್ಷದ ಕೊನೆಗೆ ಬದುಕಿದ್ದವರು ಮೂರೂ ಗುಂಪಿನಲ್ಲಿ ನೂರಕ್ಕೆ 46–47. ಕಿರಣ ಗಡ್ಡೆ ಮರಳುವುದನ್ನು ತಡೆಯಿತು, ಸಾವನ್ನು ತಡೆಯಲಿಲ್ಲವೇ? ಮತ್ತೆ ಬಂದಾಗ ಸ್ತನ ತೆಗೆದರಾಯಿತು ಎನ್ನುವುದಾದರೆ ಎಲ್ಲರಿಗೂ ಕಿರಣ ಏಕೆ?

ಅಂಕಿಗಳ ಮೇಲೆಯೇ ಮಸಿ ಬಿದ್ದ ಪ್ರಸಂಗವೊಂದು ನಡುವೆ ನಡೆದಿತ್ತು. 1994ರ ಮಾರ್ಚ್‌ನಲ್ಲಿ ಚಿಕಾಗೊ ಟ್ರಿಬ್ಯೂನ್ ಒಂದು ಸುದ್ದಿ ಒಡೆಯಿತು: ಫಿಷರ್‌ನ ಪರೀಕ್ಷೆಗಳಿಗೆ ರೋಗಿಗಳನ್ನು ಕಳಿಸುತ್ತಿದ್ದ ಮಾಂಟ್ರಿಯಲ್‌ನ ಸರ್ಜನ್ನೊಬ್ಬ ದಾಖಲೆ ತಿದ್ದಿದ್ದಾನೆ. ಅರ್ಹರಲ್ಲದವರನ್ನು ಸೇರಿಸಲು ತಾರೀಕು ಬದಲಿಸಿದ್ದ. ಫಿಷರ್‌ನ ಕಚೇರಿಗೆ ಇದು ವರ್ಷಗಳ ಹಿಂದೆಯೇ ಗೊತ್ತಿತ್ತು, ಜನಕ್ಕೆ ಹೇಳಿರಲಿಲ್ಲ. ಆ ಪರೀಕ್ಷೆಯನ್ನು ನಂಬಿ ಸ್ತನ ಉಳಿಸಿಕೊಂಡಿದ್ದ ಹೆಂಗಸರ ಮನಸ್ಸು ಹೇಗಾಗಿರಬೇಡ! ಫಿಷರ್‌ನನ್ನು ಮುಖ್ಯಸ್ಥನ ಸ್ಥಾನದಿಂದ ಇಳಿಸಿದರು. ಮಾಂಟ್ರಿಯಲ್‌ನ ರೋಗಿಗಳನ್ನೆಲ್ಲ ತೆಗೆದುಹಾಕಿ ಲೆಕ್ಕ ಮತ್ತೆ ಮಾಡಿದಾಗ ಫಲ ಕೂದಲೆಳೆಯಷ್ಟೂ ಅಲುಗಲಿಲ್ಲ. ಅವನು ಹೂಡಿದ ಮೊಕದ್ದಮೆ 1997ರಲ್ಲಿ ಕ್ಷಮಾಪಣೆಯೊಂದಿಗೆ ರಾಜಿಯಲ್ಲಿ ಮುಗಿಯಿತು.

ಸಾವಿನ ತೊಡಕಿಗೆ ಮರಳೋಣ. ಅದರ ಒಂದು ತುದಿ 1987ರಲ್ಲೇ ಕೈಗೆ ಸಿಕ್ಕಿತ್ತು. ಹಳೆಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ಜಾಕ್ ಕ್ಯೂಜಿಕ್ ಮತ್ತು ಸಂಗಡಿಗರಿಗೆ ವಿಚಿತ್ರವೊಂದು ಕಂಡಿತು: ಹತ್ತು ವರ್ಷ ದಾಟಿದವರಲ್ಲಿ ಕಿರಣ ಪಡೆದವರೇ ಹೆಚ್ಚು ಸಾಯುತ್ತಿದ್ದರು. ಕೊಲ್ಲುತ್ತಿದ್ದದ್ದು ಬಹುಪಾಲು ಹೃದಯ. ಅಂದಿನ ಕಿರಣ ಎದೆಮೂಳೆಯ ಹಿಂದಿನ ಗ್ರಂಥಿಗಳಿಗೆಂದು ನೇರವಾಗಿ ಒಳನುಗ್ಗುತ್ತಿತ್ತು. ದಾರಿಯಲ್ಲಿ ಹೃದಯವಿತ್ತು. ಒಂದು ಕೈಯಲ್ಲಿ ಉಳಿಸಿದ ಜೀವವನ್ನು ಹದಿನೈದು ವರ್ಷದ ಮೇಲೆ ಇನ್ನೊಂದು ಕೈ ಕಸಿದುಕೊಳ್ಳುತ್ತಿತ್ತು. ಹೃದಯದ ಮೇಲೆ ಬೀಳುವ ಪ್ರತಿ ಗ್ರೇಗೂ ಹೃದ್ರೋಗದ ಅಪಾಯ ಶೇ 7.4ರಷ್ಟು ಏರುತ್ತದೆ ಎಂಬ ಲೆಕ್ಕವನ್ನು 2013ರಲ್ಲಿ ಸಾರಾ ಡಾರ್ಬಿಯ ತಂಡ ಮುಂದಿಟ್ಟಿತು. ಇದಕ್ಕೆ ಒದಗಿದ ಉಪಾಯಗಳಲ್ಲಿ ಒಂದು ಎಷ್ಟು ಸರಳವೆಂದರೆ ಯೋಗ ಕಲಿಸುವವರು ನಕ್ಕಾರು. ಎಡ ಎದೆಗೆ ಕಿರಣ ಕೊಡುವಾಗ ‘ಉಸಿರೆಳ್ಕೊಳ್ಳಿ, ಹಿಡ್ಕೊಳ್ಳಿ’ ಎನ್ನುತ್ತಾರೆ. ಪುಪ್ಪುಸ ಉಬ್ಬಿದಾಗ ಹೃದಯ ಎದೆಗೋಡೆಯಿಂದ ಹಿಂದೆ ಸರಿಯುತ್ತದೆ. ಆ ಇಪ್ಪತ್ತು ಸೆಕೆಂಡಿನಲ್ಲಿ ಕಿರಣ ಹಾಯುತ್ತದೆ.

ತೊಡಕಿನ ಇನ್ನೊಂದು ತುದಿಯನ್ನು ಬಿಚ್ಚಿದವರು ಡೆನ್ಮಾರ್ಕಿನವರು. ಸ್ತನ ಪೂರ್ತಿ ತೆಗೆಸಿಕೊಂಡ, ಆದರೆ ರೋಗ ಮುಂದುವರಿದಿದ್ದ 1,708 ಹೆಂಗಸರನ್ನು ಮಾರೀ ಓವರ್‌ಗೋ ಮತ್ತು ಸಹೋದ್ಯೋಗಿಗಳು 1982ರಿಂದ ಹಿಂಬಾಲಿಸಿದ್ದರು. ಎಲ್ಲರಿಗೂ ಕೀಮೋ, ಒಂದು ಪಾಲಿಗೆ ಜೊತೆಗೆ ಕಿರಣ. ಹತ್ತು ವರ್ಷದ ಮೇಲೆ ಕಿರಣ ಪಡೆದವರಲ್ಲಿ ಶೇ 54 ಮಂದಿ ಬದುಕಿದ್ದರು, ಪಡೆಯದವರಲ್ಲಿ ಶೇ 45. 1997ರ ಈ ವರದಿ ಬಾಂಬಿನಂತೆ ಬಿತ್ತು. ನಿಮ್ಮ ಸರ್ಜನ್ನರು ಕಂಕುಳಿನ ಗ್ರಂಥಿಗಳನ್ನು ಸಾಕಷ್ಟು ತೆಗೆಯಲಿಲ್ಲ, ಅವರು ಬಿಟ್ಟದ್ದನ್ನು ಕಿರಣ ಗುಡಿಸಿತು, ಅಷ್ಟೇ ಎಂದರು ಅಮೆರಿಕನ್ನರು. ಆ ವಾದ ವರ್ಷಗಟ್ಟಲೆ ಹರಿಯಿತು.

ಇತ್ಯರ್ಥವಾದದ್ದು ಆಕ್ಸ್‌ಫರ್ಡಿನಲ್ಲಿ, ರಿಚರ್ಡ್ ಪೀಟೊ ಮುಂತಾದವರ ಲೆಕ್ಕದ ಮೇಜಿನ ಮೇಲೆ. ಲೋಕದ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ, 42,000 ಹೆಂಗಸರ ಬದುಕನ್ನು ಒಂದೇ ಪಟ್ಟಿಗೆ ತಂದು 2005ರಲ್ಲಿ ಅವರು ಹೇಳಿದ್ದು ಇಷ್ಟು: ಮೊದಲ ಐದು ವರ್ಷದಲ್ಲಿ ಅದೇ ಜಾಗದ ನಾಲ್ಕು ಮರುಕಳಿಕೆಗಳನ್ನು ತಡೆದರೆ ಹದಿನೈದು ವರ್ಷದೊಳಗಿನ ಒಂದು ಸಾವು ತಪ್ಪುತ್ತದೆ. ಫಿಷರ್‌ನ ಸಾವಿರದ ಚಿಲ್ಲರೆ ಹೆಂಗಸರಲ್ಲಿ ಕಾಣದ್ದು ನಲವತ್ತು ಸಾವಿರದಲ್ಲಿ ಕಂಡಿತು. 2011ರಲ್ಲಿ, ಸ್ತನ ಉಳಿಸಿಕೊಂಡ 10,801 ಹೆಂಗಸರ ಲೆಕ್ಕದಲ್ಲಿ, ಹದಿನೈದು ವರ್ಷದಲ್ಲಿ ಸ್ತನ ಕ್ಯಾನ್ಸರಿನಿಂದ ಸಾಯುವ ಪ್ರಮಾಣ ಕಿರಣದಿಂದ ಶೇ 25.2ರಿಂದ 21.4ಕ್ಕೆ ಇಳಿದಿತ್ತು. ಎಲ್ಲ ಕಣವೂ ಮೊದಲೇ ರಕ್ತಕ್ಕೆ ಇಳಿದಿರುವುದಿಲ್ಲ. ಕೆಲವು ಎದೆಯಲ್ಲೇ ಉಳಿದು ಆಮೇಲೆ ಹೊರಡುತ್ತವೆ. ಹಾಲ್‌ಸ್ಟೆಡ್ ಅಷ್ಟರ ಮಟ್ಟಿಗೆ ಸರಿ, ಫಿಷರ್ ಅಷ್ಟರ ಮಟ್ಟಿಗೆ ತಪ್ಪು.

ಕಿರಣದ ಬೆಲೆ ಗೊತ್ತಾದ ಮೇಲೆ ಪ್ರಶ್ನೆ ತಿರುಗಿತು: ಎಷ್ಟು ಕೊಟ್ಟರೆ ಸಾಕು? ಇದರ ಹಿಂದೆ ಬ್ರಿಟನ್ನಿನ ಕೆಲವು ಹೆಂಗಸರ ಸಿಟ್ಟಿದೆ. ಕೊರಳೆಲುಬಿನ ಬಳಿಯ ನರಗಳು ಕಿರಣದಿಂದ ಹಾಳಾಗಿ ತೋಳು ನಿತ್ರಾಣವಾದವರು 1991ರಲ್ಲಿ ರೇಜ್ ಎಂಬ ಸಂಘ ಕಟ್ಟಿಕೊಂಡು ಬೀದಿಗೆ ಬಂದರು. ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಪ್ರಮಾಣ, ಒಂದೊಂದು ವಿಧಾನ ಎಂಬುದು ಆಗ ಬಯಲಿಗೆ ಬಂತು. ದಿನಕ್ಕೆಷ್ಟು, ಎಷ್ಟು ದಿನ ಎಂಬುದನ್ನೂ ಚೀಟಿ ಎತ್ತಿಯೇ ತಿಳಿಯಬೇಕಾಯಿತು. ಜಾನ್ ಯಾರ್ನಾಲ್ಡ್ ಮುಂದಾಳಾಗಿದ್ದ ಸ್ಟಾರ್ಟ್ ಪರೀಕ್ಷೆಗಳು, ಕೆನಡಾದಲ್ಲಿ ಟಿಮತಿ ವೀಲನ್ ನಡೆಸಿದ ಪರೀಕ್ಷೆ ಎರಡೂ ಒಂದೇ ಮಾತು ಹೇಳಿದವು: ಐದು ವಾರ ಬೇಕಿಲ್ಲ, ಮೂರು ವಾರ ಸಾಕು. ದಿನದ ಪ್ರಮಾಣ ತುಸು ಹೆಚ್ಚಿಸಿ ಒಟ್ಟು ಪ್ರಮಾಣ ಇಳಿಸಿದರೆ ಸ್ತನದ ಕ್ಯಾನ್ಸರ್ ಅಷ್ಟೇ ಚೆನ್ನಾಗಿ ಬಗ್ಗುತ್ತದೆ. ಟಗರಿನ ಪಾಠ ಸುಳ್ಳಾಗಲಿಲ್ಲ, ಆದರೆ ಸ್ತನಕ್ಕೆ ಅಷ್ಟು ಬಿಗಿಯಾಗಿ ಒಪ್ಪುವುದಿಲ್ಲ ಎಂದಾಯಿತು. ಆಮೇಲೆ ಬಂದ ಫಾಸ್ಟ್-ಫಾರ್ವರ್ಡ್ ಪರೀಕ್ಷೆ ಮೂರು ವಾರವನ್ನೂ ಐದು ದಿನಕ್ಕೆ ಇಳಿಸಿತು. ಐದು ವರ್ಷದಲ್ಲಿ ಮರುಕಳಿಸಿದ್ದು ಹದಿನೈದು ದಿನದ ಗುಂಪಿನಲ್ಲಿ ಶೇ 2.1, ಐದು ದಿನಕ್ಕೆ 26 ಗ್ರೇ ಪಡೆದ ಗುಂಪಿನಲ್ಲಿ ಶೇ 1.4. ವರದಿ ಹೊರಬಿದ್ದದ್ದು 2020ರ ವಸಂತದಲ್ಲಿ, ಲೋಕವೆಲ್ಲ ಬಾಗಿಲು ಹಾಕಿಕೊಂಡು ಆಸ್ಪತ್ರೆಗೆ ಹೋಗಲು ಹೆದರುತ್ತಿದ್ದಾಗ. ಅದಕ್ಕಿಂತ ಸರಿಯಾದ ಮುಹೂರ್ತ ಯಾವ ಪಂಚಾಂಗದಲ್ಲೂ ಸಿಗುತ್ತಿರಲಿಲ್ಲ.

ಮ್ಯಾಕ್‌ವರ್ಟರ್‌ನ ಎಡಿನ್‌ಬರದಿಂದಲೇ ಈಗ ಕಿರಣ ಯಾರಿಗೆ ಬೇಡ ಎಂಬ ಸುದ್ದಿಯೂ ಬರುತ್ತಿದೆ. ಇಯಾನ್ ಕುಂಕ್ಲರ್ ನೇತೃತ್ವದ ಪ್ರೈಮ್-2 ಪರೀಕ್ಷೆ 65 ದಾಟಿದ, ಚಿಕ್ಕ ಗಡ್ಡೆಯ, ಹಾರ್ಮೋನ್ ಮಾತ್ರೆ ನುಂಗುವ 1,326 ಹೆಂಗಸರನ್ನು ನೋಡಿ 2023ರಲ್ಲಿ ಹೇಳಿದ್ದು: ಕಿರಣವಿಲ್ಲದಿದ್ದರೆ ಹತ್ತು ವರ್ಷದಲ್ಲಿ ಮರುಕಳಿಕೆ ಶೇ 9.5, ಇದ್ದರೆ ಶೇ 0.9. ಬದುಕುಳಿಯುವುದರಲ್ಲಿ ವ್ಯತ್ಯಾಸವಿಲ್ಲ. ಒಂಬತ್ತನ್ನು ದೊಡ್ಡದೆನ್ನುವವರೂ ಇದ್ದಾರೆ, ಚಿಕ್ಕದೆನ್ನುವವರೂ ಇದ್ದಾರೆ. ಮಾತ್ರೆ ನಡುವೆ ನಿಲ್ಲಿಸುವ ಅಜ್ಜಿಗೆ ಅದು ಖಂಡಿತ ದೊಡ್ಡದು.

ನಮ್ಮಲ್ಲಿ ದಿನಗಳ ಲೆಕ್ಕಕ್ಕೆ ಬೇರೆಯೇ ತೂಕವಿದೆ. ಕೊಪ್ಪಳದಿಂದಲೋ ಬೀದರಿನಿಂದಲೋ ಬಂದವಳಿಗೆ ಐದು ವಾರವೆಂದರೆ ಐದು ವಾರದ ಕೂಲಿ, ಜೊತೆಗೆ ಬಂದ ಮಗನದೂ ಸೇರಿ; ಧರ್ಮಶಾಲೆಯಲ್ಲಿ ಜಾಗ ಸಿಕ್ಕರೆ ಪುಣ್ಯ. ‘ಪೂರ್ತಿ ತೆಗೆದುಬಿಡಿ ಡಾಕ್ಟ್ರೆ, ಕರೆಂಟಿಗೆ ಓಡಾಡೋಕಾಗಲ್ಲ’ ಎಂದು ಉಳಿಸಿಕೊಳ್ಳಬಹುದಾದ ಸ್ತನವನ್ನು ಬಿಟ್ಟುಕೊಟ್ಟವರಿದ್ದಾರೆ. ಮೂರು ವಾರದ ಪದ್ಧತಿ ಇಲ್ಲೂ ಈಗ ಸಾಮಾನ್ಯ, ಐದು ದಿನದ್ದೂ ಅಲ್ಲಲ್ಲಿ ಕಾಲಿಟ್ಟಿದೆ. ಮೊದಲ ದಿನ ಮಾತ್ರ ಎಲ್ಲರಿಗೂ ಒಂದೇ. ಕಿರಣ ನಿತ್ಯ ಅದೇ ಜಾಗಕ್ಕೆ ಬೀಳಲೆಂದು ಟೆಕ್ನಿಷಿಯನ್ ಎದೆಯ ಮೇಲೆ ಸಾಸಿವೆಗಿಂತ ಚಿಕ್ಕದಾದ ಮೂರು ಶಾಯಿಯ ಚುಕ್ಕೆ ಚುಚ್ಚುತ್ತಾರೆ. ಅದು ಜೀವಮಾನವಿಡೀ ಹೋಗುವುದಿಲ್ಲ ಎಂದು ಹೇಳಿದಾಗ ಪೇಟೆಯ ಹುಡುಗಿಯರು ಮುಖ ಕಿವಿಚುತ್ತಾರೆ. ಮುಂಗೈ ತುಂಬ ಹಚ್ಚೆ ಹೊಯ್ಸಿಕೊಂಡ ಅಜ್ಜಿಯರು ಸುಮ್ಮನೆ ಮಲಗಿರುತ್ತಾರೆ.